ಬಿಲ್ಲು ನೆನೆದ ಮೇಲೆ ಬಂದ ಬುದ್ಧಿ



2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿಗೆ ಸುರಿದ ಭಾರಿ ಮಳೆಗೆ ನಾಚಾರಂನ ನಮ್ಮ ಗೋದಾಮಿಗೂ ನೀರು ನುಗ್ಗಿತು. ಅಕ್ಕಿ ಮೂಟೆ ಹೋದರೆ ಮತ್ತೆ ತರಬಹುದು. ಮೂರು ವರ್ಷದ ಖರೀದಿ ಬಿಲ್ಲುಗಳು ನೆನೆದು ಮುದ್ದೆಯಾದವು, ಅವನ್ನು ಎಲ್ಲಿಂದ ತರುವುದು?

ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕಂಪ್ಯೂಟರಿನಲ್ಲೂ ಇಡಬಹುದು, ಆದರೆ ಅನಾಹುತವಾದರೆ ಮರಳಿ ಸಿಗುವಂತೆ ಬ್ಯಾಕಪ್ ಇರಲೇಬೇಕು. ನಮ್ಮ ಕಂಪ್ಯೂಟರೂ ಅದೇ ನೀರಿನಲ್ಲಿ ಮುಳುಗಿತ್ತು!

ಈಗ ಸಾಮಾನು ಇಳಿದ ಕೂಡಲೇ ಸ್ಟೋರ್‌ಕೀಪರ್ ಬಿಲ್ಲನ್ನು ಸ್ಕ್ಯಾನ್ ಮಾಡಿ, ತಾರೀಖು, ಅಂಗಡಿ ಹೆಸರು ಹಾಕಿ ಕ್ಲೌಡ್‌ಗೆ ಏರಿಸುತ್ತಾರೆ. ಪಾಸ್‌ವರ್ಡ್ ಒಬ್ಬ ಗುಮಾಸ್ತರ ಕೈಯಲ್ಲೇ ಇರಬಾರದು, ಮಾಲೀಕರಿಗೂ ಗೊತ್ತಿರಲಿ. ಆಡಿಟರನ್ನು ಕೇಳದೆ ಮೂಲ ಬಿಲ್ಲು ಎಸೆಯಬೇಡಿ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಪ್ರತಿ ಮಾತ್ರ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೇ ಇರಬೇಕು.

ಮುಂದಿನ ಮಳೆಗಾಲಕ್ಕೆ ಮುಂಚೆ ಶುರು ಮಾಡಿ.