ವಿದ್ಯುತ್ ಸೈಕಲ್‌ಗೆ ಸುರಕ್ಷಿತ ಬ್ಯಾಟರಿ ಪ್ಯಾಕ್: ಸಣ್ಣ ಉದ್ಯಮಗಳ ಅವಕಾಶ ಮತ್ತು ಹೊಣೆ

ಮನೆಯಲ್ಲಿರುವ ಸಾಮಾನ್ಯ ಸೈಕಲ್ಲಿಗೆ ಹಬ್ ಮೋಟಾರ್, ಕಂಟ್ರೋಲರ್ ಹಾಗೂ ಲಿಥಿಯಂ ಬ್ಯಾಟರಿಯನ್ನು ಜೋಡಿಸಿ ಅದನ್ನು ವಿದ್ಯುತ್ ಸೈಕಲ್ಲಾಗಿ ಪರಿವರ್ತಿಸುವ ಕೆಲಸವು ಇಂದು ಹವ್ಯಾಸಿಗಳ ವಲಯವನ್ನು ದಾಟಿ ಒಂದು ಸಣ್ಣ ವ್ಯಾಪಾರವಾಗಿ ರೂಪುಗೊಂಡಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳಲ್ಲಿ ಬ್ಯಾಟರಿ ಜೋಡಣೆಗೆ ಬೇಕಾದ ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ. ಸ್ಪಾಟ್ ವೆಲ್ಡಿಂಗ್ ಯಂತ್ರವೊಂದಿದ್ದರೆ ಹತ್ತು ಅಡಿ ಅಗಲದ ಮಳಿಗೆಯಲ್ಲಿಯೂ ಈ ಕೆಲಸವನ್ನು ಆರಂಭಿಸಬಹುದು. ಆದರೆ ಕಡಿಮೆ ಬಂಡವಾಳದಿಂದ ಆರಂಭಿಸಬಹುದಾದ ಈ ಉದ್ಯಮದಲ್ಲಿ ಒಂದು ತಪ್ಪು ಜೋಡಣೆಯು ಗ್ರಾಹಕನ ಮನೆಯನ್ನೂ ತಯಾರಕನ ವ್ಯವಹಾರವನ್ನೂ ಒಟ್ಟಿಗೇ ಸುಡಬಲ್ಲದು ಎಂಬುದನ್ನು ಈ ಕ್ಷೇತ್ರಕ್ಕೆ ಕಾಲಿಡುವ ಪ್ರತಿಯೊಬ್ಬ ಉದ್ಯಮಿಯೂ ಮನಗಾಣಬೇಕು.

ಇದು ಬರಿಯ ಊಹೆಯ ಮಾತಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ದ್ವಿಚಕ್ರ ವಾಹನಗಳಿಗೆ ಬೆಂಕಿ ಹತ್ತಿಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಕಟ್ಟಡವೊಂದರಲ್ಲಿ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ವಸತಿಗೃಹಕ್ಕೆ ವ್ಯಾಪಿಸಿ 8 ಮಂದಿ ಅಸುನೀಗಿದರು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 2023ರ ಒಂದೇ ವರ್ಷದಲ್ಲಿ ಲಿಥಿಯಂ ಬ್ಯಾಟರಿ ಬೆಂಕಿಗೆ 18 ಮಂದಿ ಬಲಿಯಾದರು. ಆ ವರ್ಷದ ಸೆಪ್ಟೆಂಬರಿನಿಂದ ಅಲ್ಲಿ ಯುಎಲ್ 2849 ಮಾನಕಕ್ಕೆ ಒಳಪಡದ ವಿದ್ಯುತ್ ಸೈಕಲ್‌ಗಳನ್ನೂ ಯುಎಲ್ 2271 ಮಾನಕಕ್ಕೆ ಒಳಪಡದ ಬ್ಯಾಟರಿಗಳನ್ನೂ ಮಾರುವುದನ್ನು ನಿಷೇಧಿಸಲಾಯಿತು. ಸುರಕ್ಷತೆಯಿಲ್ಲದ ಬ್ಯಾಟರಿಗೆ ಮುಂದೆ ಮಾರುಕಟ್ಟೆಯೇ ಇರುವುದಿಲ್ಲ ಎಂಬುದಕ್ಕೆ ಇದು ಮುನ್ಸೂಚನೆ.

ಪ್ಯಾಕಿನ ಲೆಕ್ಕಾಚಾರ

ಸೈಕಲ್‌ಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು 18650 ಎಂಬ ಸೆಲ್. ಇದರ ವ್ಯಾಸ 18 ಮಿ.ಮೀ., ಉದ್ದ 65 ಮಿ.ಮೀ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸಂಯೋಜನೆಯ ಇಂತಹ ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.6, ಪೂರ್ಣ ಚಾರ್ಜ್ ಆದಾಗ 4.2. ಸರಣಿಯಲ್ಲಿ 10 ಮತ್ತು ಸಮಾಂತರದಲ್ಲಿ 4ರಂತೆ 40 ಸೆಲ್ ಜೋಡಿಸಿದರೆ 36 ವೋಲ್ಟ್ ಪ್ಯಾಕ್ ಸಿದ್ಧವಾಗುತ್ತದೆ. ಪ್ರತಿ ಸೆಲ್ 2.6 ಆಂಪಿಯರ್-ಗಂಟೆಯದಾದರೆ ಪ್ಯಾಕಿನ ಸಾಮರ್ಥ್ಯ 10.4 ಆಂಪಿಯರ್-ಗಂಟೆ, ಅಂದರೆ ಸುಮಾರು 374 ವ್ಯಾಟ್-ಗಂಟೆ. ಪೆಡಲ್ ತುಳಿಯುತ್ತ ಸಾಗುವ ಸವಾರನಿಗೆ ಕಿಲೋಮೀಟರಿಗೆ 10ರಿಂದ 15 ವ್ಯಾಟ್-ಗಂಟೆ ಖರ್ಚಾಗುತ್ತದೆಂದು ಹಿಡಿದರೆ 25ರಿಂದ 35 ಕಿ.ಮೀ. ದೂರ ಕ್ರಮಿಸಬಹುದು.

ಕಂಟ್ರೋಲರ್ 15 ಆಂಪಿಯರ್‌ವರೆಗೆ ವಿದ್ಯುತ್ತನ್ನು ಸೆಳೆಯುವುದಾದರೆ ಪ್ರತಿ ಸೆಲ್ಲಿನ ಪಾಲಿಗೆ ಬರುವುದು 3.75 ಆಂಪಿಯರ್. ಆಯ್ದ ಸೆಲ್ ಇದನ್ನು ನಿರಂತರವಾಗಿ ನೀಡಬಲ್ಲದೇ ಎಂಬುದನ್ನು ಅದರ ತಯಾರಕರ ತಾಂತ್ರಿಕ ವಿವರಪತ್ರದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಹೊದಿಕೆಯ ಮೇಲೆ ಮುದ್ರಿಸಿದ ಅಂಕಿಯನ್ನು ನಂಬುವಂತಿಲ್ಲ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಬಿಚ್ಚಿದ ಸೆಲ್‌ಗಳಿಗೆ ಹೊಸ ಹೊದಿಕೆ ತೊಡಿಸಿ ಮಾರುವ ಪರಿಪಾಠವೂ ಇರುವುದರಿಂದ, ಬ್ಯಾಚ್ ಸಂಖ್ಯೆ ಮತ್ತು ಬಿಲ್ ಇಲ್ಲದ ಸೆಲ್‌ಗಳನ್ನು ಎಷ್ಟೇ ಅಗ್ಗವಾಗಿ ದೊರೆತರೂ ಖರೀದಿಸದಿರುವುದೇ ಲೇಸು.

ಒಂದೇ ಹೆಸರು, ಎರಡು ವೋಲ್ಟೇಜ್

ಇನ್ನೊಂದು ಬಗೆಯ ಸೆಲ್ ಲಿಥಿಯಂ ಐರನ್ ಫಾಸ್ಫೇಟ್. ಇದರ ಸಾಮಾನ್ಯ ವೋಲ್ಟೇಜ್ 3.2, ಗರಿಷ್ಠ 3.65. ತೂಕ ಹೆಚ್ಚು, ಆದರೆ ಬಾಳಿಕೆ ದೀರ್ಘ, ತಾಪವನ್ನು ತಾಳಿಕೊಳ್ಳುವ ಗುಣವೂ ಹೆಚ್ಚು. ಭಾರವನ್ನು ಸಹಿಸಬಹುದಾದ ಸರಕು ಸೈಕಲ್‌ಗಳಿಗೆ ಇದು ಯೋಗ್ಯವಾದ ಆಯ್ಕೆ.

ಇಲ್ಲಿಯೇ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಒಂದು ಅಪಾಯವಿದೆ. ಮಾರುಕಟ್ಟೆಯಲ್ಲಿ ಎರಡು ಬಗೆಯ ಪ್ಯಾಕ್‌ಗಳನ್ನೂ ‘36 ವೋಲ್ಟ್’ ಎಂದೇ ಕರೆಯುತ್ತಾರೆ. ಮೊದಲನೆಯದರ 10 ಸೆಲ್ ಸರಣಿಗೆ ಬೇಕಾದ ಚಾರ್ಜರ್ 42 ವೋಲ್ಟ್. ಫಾಸ್ಫೇಟ್‌ನ 12 ಸೆಲ್ ಸರಣಿಗೆ 43.8 ವೋಲ್ಟ್. ಅಂತರ ಕೇವಲ 1.8 ವೋಲ್ಟ್ ಎನಿಸಬಹುದು. ಆದರೆ ಫಾಸ್ಫೇಟ್ ಚಾರ್ಜರನ್ನು ಮೊದಲ ಬಗೆಯ ಪ್ಯಾಕಿಗೆ ಜೋಡಿಸಿದರೆ ಪ್ರತಿ ಸೆಲ್ 4.38 ವೋಲ್ಟ್‌ವರೆಗೆ ಏರುತ್ತದೆ. ‘48 ವೋಲ್ಟ್’ ಪ್ಯಾಕ್‌ಗಳಲ್ಲಿ ಪರಿಸ್ಥಿತಿ ಇನ್ನೂ ಗಂಭೀರ. 13 ಸೆಲ್ ಸರಣಿಗೆ ಬೇಕಾದುದು 54.6 ವೋಲ್ಟ್, 16 ಸೆಲ್‌ನ ಫಾಸ್ಫೇಟ್ ಚಾರ್ಜರ್ ನೀಡುವುದು 58.4 ವೋಲ್ಟ್. ಅದಲುಬದಲಾದರೆ ಸೆಲ್ಲೊಂದಕ್ಕೆ ಸುಮಾರು 4.5 ವೋಲ್ಟ್. ಆಗ ಅನಾಹುತವನ್ನು ತಡೆಯಲು ಉಳಿಯುವುದು ಪ್ಯಾಕಿನೊಳಗಿನ ರಕ್ಷಣಾ ಮಂಡಲವೊಂದೇ.

ಪರಿಹಾರ ಸರಳವಾಗಿದೆ. ಎರಡು ಬಗೆಯ ಪ್ಯಾಕ್‌ಗಳಿಗೆ ಒಂದಕ್ಕೊಂದು ಹೊಂದದ ಬೇರೆ ಬೇರೆ ಕನೆಕ್ಟರ್‌ಗಳನ್ನು ಬಳಸುವುದು. ಪ್ಯಾಕ್ ಮತ್ತು ಚಾರ್ಜರ್ ಎರಡರ ಮೇಲೂ ಪೂರ್ಣ ಚಾರ್ಜಿನ ವೋಲ್ಟೇಜನ್ನು ದಪ್ಪ ಅಕ್ಷರಗಳಲ್ಲಿ ನಮೂದಿಸುವುದು. ಚಾರ್ಜರನ್ನು ಪ್ಯಾಕಿನ ಜೊತೆಯಲ್ಲಿಯೇ ಮಾರುವುದು.

ಬೆಂಕಿ ಹುಟ್ಟುವ ಬಗೆ

ಸೆಲ್ಲಿನ ಒಳಗೆ ಧನ ಮತ್ತು ಋಣ ಪದರಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದಿರುತ್ತದೆ. ಮಿತಿಮೀರಿದ ಚಾರ್ಜ್, ಹೊರಗಿನ ಶಾರ್ಟ್ ಸರ್ಕ್ಯೂಟ್, ಪೆಟ್ಟು ಅಥವಾ ಒಳಗಿನ ದೋಷದಿಂದ ಸೆಲ್ ಬಿಸಿಯಾದಾಗ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಪೊರೆ ಕರಗತೊಡಗುತ್ತದೆ. ಮುಂದೆ ಶಾಖವೇ ಶಾಖವನ್ನು ಹೆಚ್ಚಿಸುತ್ತ ಹೋಗುತ್ತದೆ. ಇದನ್ನೇ ತಂತ್ರಜ್ಞರು ಥರ್ಮಲ್ ರನ್‌ಅವೇ ಎನ್ನುತ್ತಾರೆ. ನಿಕಲ್ ಸಂಯೋಜನೆಯ ಪದರವು ಈ ಹಂತದಲ್ಲಿ ತಾನೇ ಆಮ್ಲಜನಕವನ್ನು ಬಿಡುಗಡೆ ಮಾಡುವುದರಿಂದ ಗಾಳಿಯನ್ನು ತಡೆದು ಬೆಂಕಿಯನ್ನು ಆರಿಸುವ ಉಪಾಯ ಫಲಿಸುವುದಿಲ್ಲ. ಧಾರಾಳವಾಗಿ ನೀರೆರೆದು ತಂಪುಗೊಳಿಸುವುದು ಅನಿವಾರ್ಯ. ಹೊರಡುವ ಹೊಗೆಯೂ ವಿಷಕಾರಿ. ಒಂದು ಸೆಲ್ಲಿನ ಶಾಖವು ಪಕ್ಕದ ಸೆಲ್ಲಿಗೆ ಹರಡಿದರೆ ನಿಮಿಷಗಳಲ್ಲಿ ಇಡೀ ಪ್ಯಾಕ್ ಹೊತ್ತಿಕೊಳ್ಳುತ್ತದೆ. ಆದುದರಿಂದ ಉತ್ತಮ ವಿನ್ಯಾಸದ ಗುರಿಗಳು ಎರಡು. ಮೊದಲನೆಯದು, ಯಾವ ಸೆಲ್ಲೂ ಆ ಸ್ಥಿತಿಗೆ ತಲುಪದಂತೆ ನೋಡಿಕೊಳ್ಳುವುದು. ಎರಡನೆಯದು, ಒಂದು ತಲುಪಿದರೂ ಉಳಿದವುಗಳಿಗೆ ಹರಡದಂತೆ ತಡೆಯುವುದು.

ಜೋಡಣೆಯಲ್ಲಿ ಪಾಲಿಸಬೇಕಾದ ಕ್ರಮ

18650 ಸೆಲ್ಲಿನ ಲೋಹದ ಡಬ್ಬಿ ಪೂರ್ತಿಯಾಗಿ ಋಣ ಧ್ರುವ. ಧನ ತುದಿಯ ಸುತ್ತಲಿನ ಅಂಚು ಕೂಡ ಋಣವೇ. ನಡುವೆ ಇರುವುದು ತೆಳುವಾದ ಹೊದಿಕೆ ಮಾತ್ರ. ನಿಕಲ್ ಪಟ್ಟಿಯ ಅಂಚು ಕಂಪನದಿಂದ ಆ ಹೊದಿಕೆಯನ್ನು ಉಜ್ಜಿ ಹರಿದರೆ ಶಾರ್ಟ್ ಸರ್ಕ್ಯೂಟ್ ನಿಶ್ಚಿತ. ಧನ ತುದಿಗೆ ಅಂಟಿಸುವ ನಿರೋಧಕ ಕಾಗದದ ಬಳೆಯು ಅತ್ಯಲ್ಪ ಬೆಲೆಯದಾದರೂ ಇದನ್ನು ತಡೆಯುತ್ತದೆ. ನಮ್ಮ ರಸ್ತೆಗಳ ಗುಂಡಿಗಳನ್ನು ನೆನೆದರೆ ಇದನ್ನು ಬಿಟ್ಟು ಪ್ಯಾಕ್ ಜೋಡಿಸುವುದು ಅಕ್ಷಮ್ಯ.

ಸೆಲ್‌ಗಳನ್ನು ಒಂದಕ್ಕೊಂದು ತಾಗಿಸಿ ಅಂಟಿನಿಂದ ಕೂಡಿಸುವ ಬದಲು ಪ್ಲಾಸ್ಟಿಕ್ ಹೋಲ್ಡರ್‌ಗಳಲ್ಲಿ ಅಂತರವಿಟ್ಟು ಕೂರಿಸಬೇಕು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಿದರೆ ಶಾಖದಿಂದ ಒಳಭಾಗ ಹಾಳಾಗುವುದರಿಂದ ಸ್ಪಾಟ್ ವೆಲ್ಡಿಂಗನ್ನೇ ಬಳಸಬೇಕು. ಪಟ್ಟಿಯು ಶುದ್ಧ ನಿಕಲ್ಲೇ ಅಥವಾ ನಿಕಲ್ ಲೇಪಿತ ಉಕ್ಕೇ ಎಂಬುದನ್ನು ಅರಿಯಲು ಅದರ ಮೇಲ್ಮೈಯನ್ನು ಗೀರಿ ಉಪ್ಪುನೀರಿನಲ್ಲಿ ಇಡಬೇಕು. ಉಕ್ಕಾಗಿದ್ದರೆ ಒಂದೆರಡು ದಿನಗಳಲ್ಲಿ ತುಕ್ಕು ಕಾಣಿಸುತ್ತದೆ. ಉಕ್ಕಿನ ಪಟ್ಟಿಗೆ ವಿದ್ಯುತ್ ಪ್ರತಿರೋಧ ಹೆಚ್ಚಿರುವುದರಿಂದ ಅದು ಬಿಸಿಯಾಗುತ್ತದೆ.

ಸಮಾಂತರದಲ್ಲಿರುವ ನಾಲ್ಕರಲ್ಲಿ ಒಂದು ಸೆಲ್ ಒಳಗೇ ಶಾರ್ಟ್ ಆದರೆ ಉಳಿದ ಮೂರೂ ತಮ್ಮ ವಿದ್ಯುತ್ತನ್ನು ಅದರೊಳಗೆ ಸುರಿಯುತ್ತವೆ. ಇಡೀ ಪ್ಯಾಕಿನ ಮೇಲಿನ ರಕ್ಷಣಾ ಮಂಡಲಕ್ಕೆ ಇದು ತಡೆಯಲಾಗದ ಸಂಗತಿ. ಪ್ರತಿ ಸೆಲ್ಲಿಗೂ ಪ್ರತ್ಯೇಕ ಫ್ಯೂಸ್ ತಂತಿ ಇದ್ದರೆ ದೋಷಯುಕ್ತ ಸೆಲ್ ತಾನಾಗಿ ಬೇರ್ಪಡುತ್ತದೆ.

ಬುದ್ಧಿಯುಳ್ಳ ರಕ್ಷಣೆ

ಬ್ಯಾಟರಿ ನಿರ್ವಹಣಾ ವ್ಯವಸ್ಥೆ ಅಥವಾ ಬಿಎಂಎಸ್ ಪ್ಯಾಕಿನ ಕಾವಲುಗಾರ. ಸರಣಿಯ ಪ್ರತಿ ಹಂತದ ವೋಲ್ಟೇಜನ್ನೂ ಅಳೆದು, ಮಿತಿ ಮೀರಿದರೆ ಚಾರ್ಜಿಂಗ್ ನಿಲ್ಲಿಸುವುದು, ತೀರ ಇಳಿದರೆ ಮೋಟಾರಿಗೆ ಹರಿಯುವ ವಿದ್ಯುತ್ತನ್ನು ಕಡಿತಗೊಳಿಸುವುದು ಮತ್ತು ಹಂತಗಳ ನಡುವಿನ ವ್ಯತ್ಯಾಸವನ್ನು ಸರಿದೂಗಿಸುವುದು ಇದರ ಕೆಲಸ. ಅಗ್ಗದ ಹಲವು ಬಿಎಂಎಸ್‌ಗಳಲ್ಲಿ ಉಷ್ಣ ಸಂವೇದಕವೇ ಇರುವುದಿಲ್ಲ. ಸೆಲ್‌ಗಳ ನಡುವೆ ಕನಿಷ್ಠ ಎರಡು ಸಂವೇದಕಗಳಿದ್ದು, 45 ಡಿಗ್ರಿ ಮೀರಿದಾಗ ಚಾರ್ಜಿಂಗ್ ನಿಲ್ಲುವಂತಿರಬೇಕು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಸೈಕಲ್ಲನ್ನು ತಂದು ಒಡನೆಯೇ ಚಾರ್ಜ್ ಮಾಡುವ ಗ್ರಾಹಕನಿಗೆ ಇದು ಅತ್ಯಗತ್ಯ.

ಬ್ಲೂಟೂತ್ ಸೌಲಭ್ಯವಿರುವ ಬಿಎಂಎಸ್ ಬಳಸಿದರೆ ಪ್ರತಿ ಹಂತದ ವೋಲ್ಟೇಜನ್ನು ಮೊಬೈಲಿನಲ್ಲಿಯೇ ನೋಡಬಹುದು. ಒಂದು ಹಂತವು ಉಳಿದವುಗಳಿಗಿಂತ ಪದೇ ಪದೇ ಕೆಳಗಿಳಿಯುತ್ತಿದ್ದರೆ ಅದು ಮುಂಬರುವ ದೋಷದ ಸೂಚನೆ. ಬೆಂಕಿ ಹತ್ತುವ ಮೊದಲೇ ಪ್ಯಾಕನ್ನು ದುರಸ್ತಿಗೆ ಹಿಂದಕ್ಕೆ ಪಡೆಯಲು ತಯಾರಕನಿಗೆ ಇದರಿಂದ ಸಾಧ್ಯವಾಗುತ್ತದೆ. ಫಾಸ್ಫೇಟ್ ಸೆಲ್‌ಗಳಲ್ಲಿ ವೋಲ್ಟೇಜ್ ಬಹುಕಾಲ ಒಂದೇ ಮಟ್ಟದಲ್ಲಿರುವುದರಿಂದ ಉಳಿದ ಚಾರ್ಜನ್ನು ತಿಳಿಯಲು ಒಳಹೋದ ಮತ್ತು ಹೊರಬಂದ ವಿದ್ಯುತ್ತನ್ನು ಎಣಿಸುವ ಬಿಎಂಎಸ್ ಬೇಕಾಗುತ್ತದೆ. ಆದರೆ ಬಿಎಂಎಸ್ ಕೂಡ ಒಂದು ಯಂತ್ರಾಂಶವೇ. ಅದರ ಸ್ವಿಚ್ ಮುಚ್ಚಿದ ಸ್ಥಿತಿಯಲ್ಲಿಯೇ ಕೆಟ್ಟುಹೋಗಬಹುದು. ಆದುದರಿಂದ ಪ್ಯಾಕಿನ ಮುಖ್ಯ ತಂತಿಯಲ್ಲಿ ಪ್ರತ್ಯೇಕ ಫ್ಯೂಸ್ ಇರಲೇಬೇಕು.

ಕಾನೂನಿನ ಚೌಕಟ್ಟು

ಮೋಟಾರಿನ 30 ನಿಮಿಷಗಳ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆಯಿದ್ದು, ಪೆಡಲ್ ನಿಲ್ಲಿಸಿದಾಗ ಅಥವಾ ಗಂಟೆಗೆ 25 ಕಿ.ಮೀ. ವೇಗ ತಲುಪಿದಾಗ ಮೋಟಾರ್ ಸ್ಥಗಿತಗೊಳ್ಳುವ ಸೈಕಲ್, ಪರೀಕ್ಷಾ ಸಂಸ್ಥೆಯ ಅನುಮೋದನೆ ಮೊದಲಾದ ಷರತ್ತುಗಳಿಗೆ ಒಳಪಟ್ಟು, ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರು ವಾಹನವೆನಿಸುವುದಿಲ್ಲ. ಇದಕ್ಕಿಂತ ಹೆಚ್ಚಿನ ಶಕ್ತಿಯ ಕಿಟ್‌ಗಳನ್ನು ‘ನೋಂದಣಿ ಬೇಡ’ ಎಂದು ಹೇಳಿ ಮಾರುವುದು ಗ್ರಾಹಕನನ್ನು ದಾರಿ ತಪ್ಪಿಸಿದಂತೆ.

2022ರ ಬೆಂಕಿ ಪ್ರಕರಣಗಳ ನಂತರ ಕೇಂದ್ರ ಸರ್ಕಾರವು ತಜ್ಞರ ಸಮಿತಿ ನೇಮಿಸಿ, ವಿದ್ಯುತ್ ದ್ವಿಚಕ್ರ ವಾಹನಗಳ ಎಐಎಸ್-156 ಮಾನಕವನ್ನು ಬಿಗಿಗೊಳಿಸಿತು. ಇದು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಅಂತ್ಯದಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದಿತು. ಮೋಟಾರು ವಾಹನವೆನಿಸದ ಸೈಕಲ್‌ಗಳಿಗೆ ಇದು ನೇರವಾಗಿ ಅನ್ವಯಿಸದಿದ್ದರೂ ವಿನ್ಯಾಸಕ್ಕೆ ಉತ್ತಮ ಕೈಪಿಡಿಯಾಗಬಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಮ್ಮ ಹೆಸರಿನಲ್ಲಿ ಬ್ಯಾಟರಿ ಮಾರುವವರ ಮೇಲೆ ಬಳಸಿದ ಬ್ಯಾಟರಿಯ ಹೊಣೆಯನ್ನೂ ಹೊರಿಸಿವೆ. ಎಲ್ಲಕ್ಕಿಂತ ಮುಖ್ಯವಾಗಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು ತಯಾರಕನ ಜೊತೆಗೆ ಸೇವೆ ಒದಗಿಸಿದವನನ್ನೂ ಮಾರಾಟಗಾರನನ್ನೂ ಪರಿಹಾರದ ಹೊಣೆಯ ವ್ಯಾಪ್ತಿಗೆ ತಂದಿದೆ. ‘ನಾನು ಮಾರಿದೆ ಅಷ್ಟೇ’ ಎಂಬ ಸಮಜಾಯಿಷಿ ಎಲ್ಲ ಸಂದರ್ಭಗಳಲ್ಲಿಯೂ ನಿಲ್ಲುವುದಿಲ್ಲ.

ದಾಖಲೆಯೇ ರಕ್ಷೆ

ಈ ಹಿನ್ನೆಲೆಯಲ್ಲಿ ಪ್ರತಿ ಪ್ಯಾಕಿಗೂ ಕ್ರಮ ಸಂಖ್ಯೆ ನೀಡಿ ಒಂದು ಪುಟದ ದಾಖಲೆಯನ್ನು ಇರಿಸುವುದು ಅತ್ಯವಶ್ಯ. ಸೆಲ್ಲಿನ ತಯಾರಕರು, ಬ್ಯಾಚ್, ಜೋಡಿಸಿದ ದಿನಾಂಕ, ಜೋಡಿಸಿದವರ ಸಹಿ, ಪ್ರತಿ ಹಂತದ ವೋಲ್ಟೇಜ್, ಚಾರ್ಜ್ ಮತ್ತು ಡಿಸ್ಚಾರ್ಜ್ ಪರೀಕ್ಷೆಯ ಫಲಿತಾಂಶಗಳು ಅದರಲ್ಲಿರಬೇಕು. ಸಿದ್ಧವಾದ ಪ್ಯಾಕನ್ನು ಒಂದು ವಾರ ಹಾಗೆಯೇ ಇರಿಸಿ ಮತ್ತೆ ವೋಲ್ಟೇಜ್ ಅಳೆದರೆ ತಾನಾಗಿ ಸೋರುತ್ತಿರುವ ದುರ್ಬಲ ಸೆಲ್ ಇರುವ ಹಂತ ಪತ್ತೆಯಾಗುತ್ತದೆ. ಈ ಒಂದು ವಾರದ ವಿಳಂಬವನ್ನು ನಷ್ಟವೆಂದು ಭಾವಿಸಬಾರದು.

ದಾಸ್ತಾನು ಮಾಡುವ ವರ್ತಕರು ಪ್ಯಾಕ್‌ಗಳನ್ನು ಅರ್ಧದಷ್ಟು ಚಾರ್ಜ್‌ನಲ್ಲಿ, ತಂಪಾದ, ಗಾಳಿಯಾಡುವ ಸ್ಥಳದಲ್ಲಿ, ಮೆಟ್ಟಿಲು ಮತ್ತು ಬಾಗಿಲಿನಿಂದ ದೂರವಿರಿಸಬೇಕು. ಜನವಸತಿಯ ಕೆಳಗಿನ ನೆಲಮಾಳಿಗೆಯಲ್ಲಿ ರಾತ್ರಿಯಿಡೀ ಸಾಲಾಗಿ ಚಾರ್ಜಿಗೆ ಇಡುವುದನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಊದಿಕೊಂಡ, ನೀರು ಹೊಕ್ಕ ಅಥವಾ ಬಿದ್ದು ಪೆಟ್ಟಾದ ಪ್ಯಾಕನ್ನು ಮರುಮಾರಾಟ ಮಾಡದೆ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಬೇಕು.

ವಿದ್ಯುತ್ ವಾಹನ ಹಾಗೂ ಇಂಧನ ಶೇಖರಣಾ ನೀತಿಯನ್ನು 2017ರಲ್ಲಿಯೇ ಪ್ರಕಟಿಸಿ ದೇಶಕ್ಕೆ ಮಾದರಿಯಾದ ರಾಜ್ಯ ನಮ್ಮದು. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ನಿಖರವಾದ ಲೋಹದ ಕೆಲಸ, ಪ್ಲಾಸ್ಟಿಕ್ ಅಚ್ಚು, ಎಲೆಕ್ಟ್ರಾನಿಕ್ಸ್ ಜೋಡಣೆಯ ಪರಿಣತಿ ಬೇಕಾದಷ್ಟಿದೆ. ಸೆಲ್ ಹೋಲ್ಡರ್, ಬಿಎಂಎಸ್, ಗಟ್ಟಿಮುಟ್ಟಾದ ಕವಚ ಇವೆಲ್ಲವೂ ನಮ್ಮ ಸಣ್ಣ ಕೈಗಾರಿಕೆಗಳ ಕೈಗೆಟಕುವ ವಸ್ತುಗಳೇ. ಗ್ರಾಹಕನು ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಮನೆಯಲ್ಲಿ ನಮ್ಮ ಮಕ್ಕಳೂ ಮಲಗಬಹುದೆಂಬ ಭರವಸೆ ಇದ್ದಲ್ಲಿ ಮಾತ್ರ ಪ್ಯಾಕನ್ನು ಹೊರಗೆ ಕಳುಹಿಸುವೆವೆಂದು ಪ್ರತಿಯೊಬ್ಬ ತಯಾರಕನೂ ನಿಶ್ಚಯಿಸಿದರೆ, ಈ ಉದ್ಯಮಕ್ಕೆ ಒಳ್ಳೆಯ ಭವಿಷ್ಯವಿದೆ.