ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್

ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್ ಎಂಬುದು ಅಂತರಜಾಲದ ಬೃಹತ್ ಸೇವೆಗಳನ್ನು ಅಡಚಣೆಯಿಲ್ಲದೆ ನಡೆಸುವ ಮತ್ತು ಅವುಗಳಲ್ಲಿನ ಬದಲಾವಣೆಗಳನ್ನು ಸುರಕ್ಷಿತವಾಗಿ ಬಿಡುಗಡೆ ಮಾಡುವ ವಿಧಾನಗಳಿಗೆ ಸಂಬಂಧಿಸಿದ ತಂತ್ರಾಂಶ ಎಂಜಿನಿಯರಿಂಗ್‌ನ ಒಂದು ಶಾಖೆ. ಇದನ್ನು ಸಂಕ್ಷಿಪ್ತವಾಗಿ ಎಸ್‌ಆರ್‌ಇ ಎಂದು ಕರೆಯುತ್ತಾರೆ. ಶೋಧ ಯಂತ್ರ, ಇಮೇಲ್, ಹಣಪಾವತಿ ಮೊದಲಾದ ದೊಡ್ಡ ಸೇವೆಗಳು ಸಾವಿರಾರು ಸರ್ವರ್‌ಗಳ ಮೇಲೆ ನಡೆಯುತ್ತವೆ. ಅಂತಹ ವ್ಯವಸ್ಥೆಯಲ್ಲಿ ಒಂದಲ್ಲ ಒಂದು ಭಾಗ ಕೆಡುವುದು ದಿನನಿತ್ಯದ ಸಂಗತಿ. ಆದ್ದರಿಂದ ದೋಷವೇ ಇಲ್ಲದ ವ್ಯವಸ್ಥೆಯನ್ನು ಕಟ್ಟುವುದು ಈ ಶಾಖೆಯ ಗುರಿಯಲ್ಲ. ಎಷ್ಟು ದೋಷವನ್ನು ಸಹಿಸಬಹುದು ಎಂಬುದನ್ನು ಮೊದಲೇ ನಿರ್ಧರಿಸಿ, ಆ ಮಿತಿಯೊಳಗೆ ಸೇವೆಯನ್ನು ನಡೆಸುವುದು ಮತ್ತು ಬದಲಾಯಿಸುವುದು ಇದರ ಗುರಿ.

ಇತಿಹಾಸ

ಹಿಂದೆ ತಂತ್ರಾಂಶವನ್ನು ಬರೆಯುವವರು ಮತ್ತು ಅದನ್ನು ನಡೆಸುವವರು ಬೇರೆ ಬೇರೆ ತಂಡಗಳಲ್ಲಿರುತ್ತಿದ್ದರು. ಹೊಸ ಸೌಲಭ್ಯಗಳನ್ನು ಬೇಗ ಹೊರತರುವುದು ಮೊದಲ ತಂಡದ ಆಸಕ್ತಿಯಾದರೆ, ಏನನ್ನೂ ಬದಲಾಯಿಸದಿರುವುದು ಎರಡನೆಯ ತಂಡಕ್ಕೆ ಕ್ಷೇಮವಾಗಿತ್ತು. 2003ರಲ್ಲಿ ಗೂಗಲ್ ಸಂಸ್ಥೆಯ ಬೆನ್ ಟ್ರೇನರ್ ಸ್ಲಾಸ್ ಅವರಿಗೆ ಏಳು ಎಂಜಿನಿಯರುಗಳ ತಂಡವೊಂದರ ಹೊಣೆ ದೊರೆಯಿತು. ಅವರು ಸೇವಾ ನಿರ್ವಹಣೆಯನ್ನು ತಂತ್ರಾಂಶ ಬರೆದು ಬಗೆಹರಿಸಬೇಕಾದ ಸಮಸ್ಯೆಯೆಂದು ಪರಿಗಣಿಸಿದರು. ಕೈಯಿಂದ ಮತ್ತೆ ಮತ್ತೆ ಮಾಡುವ ಯಾಂತ್ರಿಕ ನಿರ್ವಹಣಾ ಕೆಲಸವು ಎಂಜಿನಿಯರುಗಳ ಸಮಯದ ಶೇ. 50ನ್ನು ಮೀರಬಾರದು, ಉಳಿದ ಸಮಯವನ್ನು ಆ ಕೆಲಸವನ್ನು ಸ್ವಯಂಚಾಲಿತಗೊಳಿಸಲು ಬಳಸಬೇಕು ಎಂಬ ನಿಯಮ ಅಲ್ಲಿ ರೂಪುಗೊಂಡಿತು.

ಇದೇ ಸಮಸ್ಯೆಯನ್ನು ಕುರಿತು 2009ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ನಡೆದ ಸಮ್ಮೇಳನದಿಂದ ಡೆವ್‌ಆಪ್ಸ್ ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಗೂಗಲ್‌ನ ಅನುಭವಗಳನ್ನು ಒಳಗೊಂಡ 'ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್' ಗ್ರಂಥವು 2016ರಲ್ಲಿ ಪ್ರಕಟವಾಯಿತು.

ವಿಶ್ವಾಸಾರ್ಹತೆಯ ಅಳತೆ

ಸೇವೆಯ ಗುಣಮಟ್ಟವನ್ನು ಮೂರು ಹಂತಗಳಲ್ಲಿ ನಿರೂಪಿಸಲಾಗುತ್ತದೆ.

• ಸೂಚಕ (ಎಸ್‌ಎಲ್‌ಐ): ಬಳಕೆದಾರರ ಅನುಭವವನ್ನು ತೋರಿಸುವ ಅಳತೆ. ಉದಾಹರಣೆಗೆ, ಯಶಸ್ವಿಯಾದ ಕೋರಿಕೆಗಳ ಪ್ರಮಾಣ.
• ಗುರಿ (ಎಸ್‌ಎಲ್‌ಒ): ಆ ಸೂಚಕವು ಮುಟ್ಟಬೇಕೆಂದು ಸಂಸ್ಥೆಯೇ ನಿಗದಿಪಡಿಸಿಕೊಂಡ ಮಟ್ಟ.
• ಒಪ್ಪಂದ (ಎಸ್‌ಎಲ್‌ಎ): ಭರವಸೆ ನೀಡಿದ ಮಟ್ಟ ತಪ್ಪಿದರೆ ಗ್ರಾಹಕರಿಗೆ ಪರಿಹಾರ ನೀಡುವ ಕರಾರು.

30 ದಿನಗಳ ಅವಧಿಯಲ್ಲಿ ಪ್ರತಿ ಗುರಿಗೆ ಅನುಮತಿಸಬಹುದಾದ ಸ್ಥಗಿತದ ಸಮಯ ಹೀಗಿದೆ:

• ಶೇ. 99: 7 ಗಂಟೆ 12 ನಿಮಿಷ
• ಶೇ. 99.9: 43 ನಿಮಿಷ 12 ಸೆಕೆಂಡ್
• ಶೇ. 99.99: ಸುಮಾರು 4 ನಿಮಿಷ 19 ಸೆಕೆಂಡ್
• ಶೇ. 99.999: ಸುಮಾರು 26 ಸೆಕೆಂಡ್

26 ಸೆಕೆಂಡುಗಳಲ್ಲಿ ಎಚ್ಚರಿಕೆಯ ಸಂದೇಶವನ್ನು ಓದಿ ಮನುಷ್ಯರು ದೋಷವನ್ನು ಸರಿಪಡಿಸುವುದು ಅಸಾಧ್ಯ. ಆದ್ದರಿಂದ ಆ ಮಟ್ಟದ ಗುರಿಯುಳ್ಳ ಸೇವೆಯು ತನ್ನ ದೋಷದಿಂದ ತಾನೇ ಚೇತರಿಸಿಕೊಳ್ಳುವಂತಿರಬೇಕು. ಬಳಕೆದಾರರ ಮೊಬೈಲ್ ಸಂಪರ್ಕವೇ ಇದಕ್ಕಿಂತ ಹೆಚ್ಚು ಬಾರಿ ಕಡಿತಗೊಳ್ಳುವುದರಿಂದ, ಅನೇಕ ಸೇವೆಗಳಲ್ಲಿ ಈ ಹೆಚ್ಚುವರಿ ವೆಚ್ಚದ ಪ್ರಯೋಜನ ಯಾರ ಅನುಭವಕ್ಕೂ ಬರುವುದಿಲ್ಲ.

ದೋಷದ ಬಜೆಟ್

ಗುರಿ ಮತ್ತು ಶೇ. 100ರ ನಡುವಿನ ಅಂತರವನ್ನು ದೋಷದ ಬಜೆಟ್ ಅಥವಾ ಎರರ್ ಬಜೆಟ್ ಎನ್ನುತ್ತಾರೆ. ಶೇ. 99.9ರ ಗುರಿಯುಳ್ಳ ಸೇವೆಯೊಂದಕ್ಕೆ ತಿಂಗಳಿಗೆ 10 ಲಕ್ಷ ಕೋರಿಕೆಗಳು ಬಂದರೆ, ಅವುಗಳಲ್ಲಿ 1,000 ಕೋರಿಕೆಗಳು ವಿಫಲವಾಗುವವರೆಗೂ ಗುರಿ ತಪ್ಪಿದಂತಾಗುವುದಿಲ್ಲ. ಬಜೆಟ್ ಉಳಿದಿರುವವರೆಗೆ ಹೊಸ ಬದಲಾವಣೆಗಳನ್ನು ಬಿಡುಗಡೆ ಮಾಡಬಹುದು. ಅದು ಮುಗಿದರೆ ತುರ್ತು ತಿದ್ದುಪಡಿಗಳ ಹೊರತು ಉಳಿದ ಬಿಡುಗಡೆಗಳನ್ನು ನಿಲ್ಲಿಸಿ, ಸ್ಥಿರತೆಯನ್ನು ಹೆಚ್ಚಿಸುವ ಕೆಲಸ ಕೈಗೊಳ್ಳಬೇಕು. ಹೀಗೆ ಎರಡು ತಂಡಗಳ ನಡುವಿನ ವಾದವು ಇಬ್ಬರೂ ಒಪ್ಪಿದ ಒಂದು ಸಂಖ್ಯೆಯಿಂದ ತೀರ್ಮಾನವಾಗುತ್ತದೆ.

ಬಿಡುಗಡೆಯ ವಿಧಾನ

ಸೇವಾ ಸ್ಥಗಿತಗಳಲ್ಲಿ ಸುಮಾರು ಶೇ. 70ರಷ್ಟು ಚಾಲ್ತಿಯಲ್ಲಿರುವ ವ್ಯವಸ್ಥೆಗೆ ಮಾಡಿದ ಬದಲಾವಣೆಗಳಿಂದ ಉಂಟಾಗುತ್ತವೆ ಎಂದು ಗೂಗಲ್‌ನ ಗ್ರಂಥ ಹೇಳುತ್ತದೆ. ಆದ್ದರಿಂದ ಹೊಸ ಆವೃತ್ತಿಯನ್ನು ಮೊದಲು ಕೆಲವೇ ಸರ್ವರ್‌ಗಳಲ್ಲಿ ಅಳವಡಿಸಿ, ಹಳೆಯದರೊಂದಿಗೆ ಹೋಲಿಸಿ, ಹಂತಹಂತವಾಗಿ ವಿಸ್ತರಿಸಲಾಗುತ್ತದೆ. ಇದಕ್ಕೆ ಕ್ಯಾನರಿ ಬಿಡುಗಡೆ ಎಂದು ಹೆಸರು. ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲದ ಮುನ್ಸೂಚನೆಗಾಗಿ ಒಯ್ಯುತ್ತಿದ್ದ ಕ್ಯಾನರಿ ಹಕ್ಕಿಯಿಂದ ಈ ಹೆಸರು ಬಂದಿದೆ. ದೋಷ ಕಂಡುಬಂದರೆ ಹಿಂದಿನ ಆವೃತ್ತಿಗೆ ಮರಳುವ ವ್ಯವಸ್ಥೆಯೂ ಸಿದ್ಧವಿರಬೇಕು.

ಮರಳುವ ಮಾರ್ಗವನ್ನು ಮೊದಲೇ ಪರೀಕ್ಷಿಸದಿದ್ದರೆ ಆಗುವ ಹಾನಿಗೆ ಅಮೆರಿಕದ ನೈಟ್ ಕ್ಯಾಪಿಟಲ್ ಷೇರು ವಹಿವಾಟು ಸಂಸ್ಥೆಯ ಪ್ರಕರಣ ನಿದರ್ಶನವಾಗಿದೆ. 2012ರ ಆಗಸ್ಟ್ 1ರ ವಹಿವಾಟಿಗೆ ಮುನ್ನ ಅದರ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ತಂತ್ರಾಂಶವನ್ನು ಅಳವಡಿಸಿರಲಿಲ್ಲ. ಹೊಸ ಸೌಲಭ್ಯಕ್ಕಾಗಿ ಮರುಬಳಕೆ ಮಾಡಿದ ಸಂಕೇತವು ಆ ಸರ್ವರ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರದ ಹಳೆಯ ಕಾರ್ಯವನ್ನು ಎಬ್ಬಿಸಿತು. ಪರಿಹಾರವೆಂದು ಉಳಿದ ಏಳು ಸರ್ವರ್‌ಗಳಿಂದ ಹೊಸ ತಂತ್ರಾಂಶವನ್ನು ತೆಗೆದಾಗ ಅವುಗಳಲ್ಲಿಯೂ ಹಳೆಯ ಕಾರ್ಯ ಆರಂಭವಾಯಿತು. ಸುಮಾರು 45 ನಿಮಿಷಗಳಲ್ಲಿ ಸಂಸ್ಥೆಗೆ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು.

ತಂತ್ರಾಂಶವಷ್ಟೇ ಅಲ್ಲದೆ ಅದು ಓದುವ ದತ್ತಾಂಶದ ಕಡತವೂ ಬದಲಾವಣೆಯೇ ಆಗಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ಕಡತವೊಂದು ಹಂತಹಂತವಾಗಿ ಹೋಗದೆ ಒಮ್ಮೆಲೇ ಬಿಡುಗಡೆಯಾದ ಕಾರಣ, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಸ್ಥಗಿತಗೊಂಡವು. ವಿಮಾನಯಾನ ಮತ್ತು ಆಸ್ಪತ್ರೆ ಸೇವೆಗಳಿಗೂ ಅಡಚಣೆಯಾಯಿತು.

ನಿಗಾ ಮತ್ತು ತುರ್ತು ನಿರ್ವಹಣೆ

ಚಾಲ್ತಿಯಲ್ಲಿರುವ ಸೇವೆಯಲ್ಲಿ ಮುಖ್ಯವಾಗಿ ನಾಲ್ಕು ಸಂಗತಿಗಳನ್ನು ಗಮನಿಸಲಾಗುತ್ತದೆ: ಉತ್ತರಕ್ಕೆ ತಗಲುವ ವಿಳಂಬ, ಕೋರಿಕೆಗಳ ದಟ್ಟಣೆ, ದೋಷಗಳ ಪ್ರಮಾಣ ಮತ್ತು ಸಂಪನ್ಮೂಲಗಳು ತುಂಬಿರುವ ಮಟ್ಟ. ವಿಳಂಬದ ಸರಾಸರಿಯನ್ನು ಮಾತ್ರ ನೋಡಿದರೆ ದಾರಿತಪ್ಪುವ ಸಾಧ್ಯತೆಯಿದೆ. 100 ಕೋರಿಕೆಗಳಲ್ಲಿ 99ಕ್ಕೆ 0.1 ಸೆಕೆಂಡಿನಲ್ಲಿ, ಒಂದಕ್ಕೆ 10 ಸೆಕೆಂಡಿನಲ್ಲಿ ಉತ್ತರ ದೊರೆತರೆ ಸರಾಸರಿ ಸುಮಾರು 0.2 ಸೆಕೆಂಡ್ ಮಾತ್ರ. ಹತ್ತು ಸೆಕೆಂಡ್ ಕಾದ ಬಳಕೆದಾರರು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ.

ತುರ್ತು ಕರೆಗೆ ಸ್ಪಂದಿಸಲು ಎಂಜಿನಿಯರುಗಳು ಸರದಿಯಂತೆ ಸಿದ್ಧರಿರುತ್ತಾರೆ. ಅವರ ಉಪಕರಣಗಳು ಕೆಟ್ಟ ಸೇವೆಯನ್ನೇ ಅವಲಂಬಿಸಿದ್ದರೆ ದುರಸ್ತಿ ಕಷ್ಟವಾಗುತ್ತದೆ. 2021ರ ಅಕ್ಟೋಬರ್ 4ರಂದು ನಿರ್ವಹಣಾ ಆದೇಶವೊಂದು ಫೇಸ್‌ಬುಕ್‌ನ ದತ್ತಾಂಶ ಕೇಂದ್ರಗಳ ನಡುವಿನ ಸಂಪರ್ಕವನ್ನೇ ಕಡಿದಾಗ ಸಂಸ್ಥೆಯ ಆಂತರಿಕ ಉಪಕರಣಗಳೂ ನಿಂತುಹೋದವು. ಎಂಜಿನಿಯರುಗಳು ಕೇಂದ್ರಗಳಿಗೇ ತೆರಳಬೇಕಾಯಿತು. ಸೇವೆ ಸುಮಾರು ಆರು ಗಂಟೆ ಸ್ಥಗಿತವಾಗಿತ್ತು.

ದೋಷಾರೋಪವಿಲ್ಲದ ವರದಿ

ಅವಘಡದ ನಂತರ ಪೋಸ್ಟ್‌ಮಾರ್ಟಮ್ ಎಂಬ ವರದಿಯನ್ನು ಬರೆಯಲಾಗುತ್ತದೆ. ಯಾರು ತಪ್ಪು ಮಾಡಿದರು ಎಂಬುದಕ್ಕಿಂತ, ಆ ತಪ್ಪು ಅಷ್ಟು ಹಾನಿ ಮಾಡಲು ವ್ಯವಸ್ಥೆ ಹೇಗೆ ಅವಕಾಶ ಕೊಟ್ಟಿತು ಎಂಬುದನ್ನು ಇದು ಪರಿಶೀಲಿಸುತ್ತದೆ. ಶಿಕ್ಷೆಯ ಭಯವಿದ್ದಲ್ಲಿ ಮಾಹಿತಿ ಮುಚ್ಚಿಹೋಗುತ್ತದೆ ಮತ್ತು ಅದೇ ಅವಘಡ ಮರುಕಳಿಸುತ್ತದೆ ಎಂಬುದು ಇದರ ಹಿಂದಿನ ತರ್ಕ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ಡೇಟಾಬೇಸ್ ಆಕಸ್ಮಿಕವಾಗಿ ಅಳಿಸಿಹೋಯಿತು. ನಿಯಮಿತ ಬ್ಯಾಕಪ್‌ಗಳು ವಿಫಲವಾಗುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲವೆಂದು ಆಗ ತಿಳಿಯಿತು. ಸುಮಾರು ಆರು ಗಂಟೆ ಹಿಂದಿನ ಪ್ರತಿಯೊಂದರಿಂದ ಸೇವೆಯನ್ನು ಪುನಃ ಸ್ಥಾಪಿಸಿದ ಸಂಸ್ಥೆಯು ಈ ವಿವರಗಳನ್ನು ಸಾರ್ವಜನಿಕವಾಗಿ ಪ್ರಕಟಿಸಿತು.

ಅಧ್ಯಯನ

ಆಪರೇಟಿಂಗ್ ಸಿಸ್ಟಮ್, ಕಂಪ್ಯೂಟರ್ ಜಾಲ, ವಿತರಿತ ವ್ಯವಸ್ಥೆಗಳು ಮತ್ತು ಸಂಖ್ಯಾಶಾಸ್ತ್ರ ಈ ಶಾಖೆಗೆ ಬೇಕಾದ ಮೂಲ ವಿಷಯಗಳು. 2016ರ ಗ್ರಂಥ ಹಾಗೂ 2018ರ 'ದ ಸೈಟ್ ರಿಲಯಬಿಲಿಟಿ ವರ್ಕ್‌ಬುಕ್' ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಉದ್ದೇಶಪೂರ್ವಕವಾಗಿ ದೋಷವನ್ನು ಉಂಟುಮಾಡಿ ವ್ಯವಸ್ಥೆಯ ಪ್ರತಿಕ್ರಿಯೆಯನ್ನು ನೋಡುವುದೂ ಅಭ್ಯಾಸದ ಒಂದು ಭಾಗ. ನೆಟ್‌ಫ್ಲಿಕ್ಸ್ ಸಂಸ್ಥೆ ಇದಕ್ಕಾಗಿ ರೂಪಿಸಿದ ಕೇಯಾಸ್ ಮಂಕಿ ಎಂಬ ತಂತ್ರಾಂಶವು ಚಾಲ್ತಿಯಲ್ಲಿರುವ ಸರ್ವರ್‌ಗಳನ್ನು ಯಾದೃಚ್ಛಿಕವಾಗಿ ನಿಲ್ಲಿಸುತ್ತದೆ. ಸ್ವಂತ ಕಂಪ್ಯೂಟರಿನಲ್ಲಿ ಸಣ್ಣ ಸೇವೆಯೊಂದನ್ನು ನಡೆಸಿ, ಅದಕ್ಕೆ ಗುರಿ ನಿಗದಿಪಡಿಸಿ, ಬ್ಯಾಕಪ್‌ನಿಂದ ಅದನ್ನು ಪುನಃ ಸ್ಥಾಪಿಸಲು ತಗಲುವ ಸಮಯವನ್ನು ಅಳೆಯುವ ಮೂಲಕ ವಿದ್ಯಾರ್ಥಿಗಳು ಈ ಅಭ್ಯಾಸವನ್ನು ಆರಂಭಿಸಬಹುದು.