ಕೃಷಿ ತಾಂತ್ರಿಕ ವಿದ್ಯೆ: ಕಲಿಯುವುದೇನು, ಕಲಿತರೇನು?

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಮನೆಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು? ಒಳ್ಳೆಯ ಅಂಕ ಬಂದಿದ್ದರೆ ಡಾಕ್ಟರು, ಇಲ್ಲವಾದರೆ ಕಂಪ್ಯೂಟರ್ ಇಂಜಿನಿಯರು. ಇವೆರಡರ ಆಚೆಗೆ ನಮ್ಮ ಯೋಚನೆ ಹೋಗುವುದು ಕಡಿಮೆ. ಕೃಷಿಗೆ ಸಂಬಂಧಪಟ್ಟ ಉನ್ನತ ಶಿಕ್ಷಣದ ಮಾತೆತ್ತಿದರೆ, "ತೋಟದ ಕೆಲಸ ಕಲಿಯಲು ಕಾಲೇಜಿಗೆ ಹೋಗಬೇಕೇ ಮಾಷ್ಟ್ರೇ? ಅದು ಮನೆಯಲ್ಲೇ ಇದೆಯಲ್ಲ!" ಎನ್ನುವ ರಕ್ಷಕರಿದ್ದಾರೆ.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ತಲೆತಲಾಂತರದಿಂದ ಬಂದ ಬೇಸಾಯದ ಅನುಭವ ಯಾವ ಕಾಲೇಜಿನಲ್ಲೂ ಸಿಗುವಂಥದ್ದಲ್ಲ. ಆದರೆ ಉಳಿದ ಅರ್ಧವನ್ನೂ ನಾವು ನೋಡಬೇಕು. ಕಂಗು ಏರುವವರು ಇಂದು ಸುಲಭವಾಗಿ ಸಿಗುವುದಿಲ್ಲ. ಬೈಲಿನ ಗದ್ದೆಗಳೆಷ್ಟೋ ಹಡಿಲು ಬಿದ್ದಿವೆ. ಏಪ್ರಿಲ್ ಬಂತೆಂದರೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಇವುಗಳಿಗೆ ಪರಿಹಾರ ಹುಡುಕಲು ಅನುಭವದ ಜೊತೆಗೆ ಗಣಿತವೂ ಭೌತಶಾಸ್ತ್ರವೂ ಬೇಕು. ಆ ಎರಡನ್ನೂ ಹೊಲಕ್ಕೆ, ತೋಟಕ್ಕೆ ತಂದು ಜೋಡಿಸುವ ವಿದ್ಯೆಯೇ ಕೃಷಿ ಇಂಜಿನಿಯರಿಂಗ್. ಅದನ್ನು ನಮ್ಮ ವಿದ್ಯಾರ್ಥಿಗಳಿಗೂ ರಕ್ಷಕರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಎರಡು ಬೇರೆ ಬೇರೆ ಪದವಿಗಳು

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡೋಣ. ಬಿ.ಎಸ್ಸಿ. ಕೃಷಿ ಪದವಿ ಬೇರೆ, ಬಿ.ಟೆಕ್. ಕೃಷಿ ಇಂಜಿನಿಯರಿಂಗ್ ಬೇರೆ. ಮೊದಲನೆಯದರಲ್ಲಿ ಬೆಳೆ, ತಳಿ, ರೋಗ, ಕೀಟ, ಗೊಬ್ಬರಗಳ ವಿಚಾರ ಮುಖ್ಯ. ಎರಡನೆಯದರಲ್ಲಿ ನೀರು, ಮಣ್ಣಿನ ಸಂರಕ್ಷಣೆ, ಯಂತ್ರ, ಶಕ್ತಿ ಮತ್ತು ಬೆಳೆದ ಬೆಳೆಯ ಸಂಸ್ಕರಣೆಯ ವಿಚಾರ ಮುಖ್ಯ. ಗಿಡಕ್ಕೆ ಎಷ್ಟು ನೀರು ಬೇಕೆಂದು ಹೇಳುವವರು ಕೃಷಿ ವಿಜ್ಞಾನಿ. ಅಷ್ಟೇ ನೀರನ್ನು, ಕಡಿಮೆ ಖರ್ಚಿನಲ್ಲಿ, ಅದೇ ಗಿಡದ ಬುಡಕ್ಕೆ ತಲುಪಿಸುವವರು ಕೃಷಿ ಇಂಜಿನಿಯರು.

ನಮ್ಮ ದೇಶದಲ್ಲಿ ಈ ಪದವಿ ಶಿಕ್ಷಣ ಮೊದಲು ಆರಂಭವಾದುದು ಅಲಹಾಬಾದಿನ ಕೃಷಿ ಸಂಸ್ಥೆಯಲ್ಲಿ, 1942ರಲ್ಲಿ. ಅಲ್ಲಿಂದ ಮುಂದೆ ಖರಗಪುರದ ಐ.ಐ.ಟಿ.ಯಲ್ಲೂ ಬೇರೆ ಬೇರೆ ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳಲ್ಲೂ ಇದು ಬೆಳೆಯಿತು. ನಾಲ್ಕು ವರ್ಷಗಳ ಈ ಶಿಕ್ಷಣದಲ್ಲಿ ಮೊದಲು ಗಣಿತ, ಭೌತಶಾಸ್ತ್ರ, ಇಂಜಿನಿಯರಿಂಗ್ ಚಿತ್ರರಚನೆ, ಕಮ್ಮಟದ ಕೆಲಸ, ಭೂಮಾಪನ ಮುಂತಾದವುಗಳನ್ನು ಕಲಿಸುತ್ತಾರೆ. ಜೊತೆಗೆ ಮಣ್ಣು ಮತ್ತು ಬೆಳೆಗಳ ಪಾಠವೂ ಇರುತ್ತದೆ. ಅನಂತರದ ವಿಷಯಗಳನ್ನು ಮೂರು ಮುಖ್ಯ ಕವಲುಗಳಾಗಿ ನೋಡಬಹುದು. ಒಂದೊಂದನ್ನೂ ನಮ್ಮ ಊರಿನ ಉದಾಹರಣೆಯಿಂದಲೇ ತಿಳಿಯೋಣ.

ನೀರಿನ ಲೆಕ್ಕ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಒಂದು ಎಕ್ರೆ ಎಂದರೆ 4,047 ಚದರ ಮೀಟರ್. ಗುಣಿಸಿ ನೋಡಿ: ಒಂದು ಎಕ್ರೆಯ ಮೇಲೆ ಬೀಳುವ ನೀರು ಸುಮಾರು 1 ಕೋಟಿ 40 ಲಕ್ಷ ಲೀಟರ್! ಇಷ್ಟು ನೀರು ಬಿದ್ದ ನೆಲದಲ್ಲೇ ಬೇಸಗೆಯಲ್ಲಿ ಕುಡಿಯುವ ನೀರಿಗೆ ತತ್ವಾರ. ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು, ಇಳಿಜಾರಿನಲ್ಲಿ ಹರಿದು, ಕಡಿಮೆ ದೂರದಲ್ಲಿರುವ ಕಡಲನ್ನು ಸೇರಿಬಿಡುವುದೇ ಇದಕ್ಕೆ ಕಾರಣ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಬಾಯಾರು, ಎಣ್ಮಕಜೆ ಮುಂತಾದ ಕಡೆಗಳಲ್ಲಿ ಮುರಕಲ್ಲಿನ ಗುಡ್ಡಗಳಿಗೆ ಅಡ್ಡಲಾಗಿ ಕೊರೆದ ಸುರಂಗಗಳನ್ನು ನೋಡಿರಿ. ಒಬ್ಬ ಮನುಷ್ಯ ನಡೆದುಹೋಗುವಷ್ಟೇ ಅಗಲ ಮತ್ತು ಎತ್ತರ. ಹೊರಬಾಯಿಯ ಕಡೆಗೆ ತುಸು ಇಳಿಜಾರು. ಪಂಪೂ ಬೇಡ, ಕರೆಂಟೂ ಬೇಡ. ನೀರು ತಾನಾಗಿಯೇ ಹರಿದು ಬರುತ್ತದೆ. ಏತಡ್ಕದಂಥ ಕಡೆಗಳಲ್ಲಿ ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡಲಾಗಿ ಹಾಕುವ ಕಟ್ಟಗಳೂ ಇಂಥ ಜಾಣ್ಮೆಯೇ. ಕಟ್ಟದ ಹಿಂದೆ ನಿಂತ ನೀರು ನೆಲಕ್ಕಿಳಿದು ಸುತ್ತಲಿನ ಬಾವಿಗಳಿಗೆ ಆಸರೆಯಾಗುತ್ತದೆ.

ಇದೇ ಜಾಣ್ಮೆಯನ್ನು ಅಳತೆಯ ಭಾಷೆಯಲ್ಲಿ ಕಲಿಸುವುದು ಮಣ್ಣು ಮತ್ತು ಜಲಸಂರಕ್ಷಣೆಯ ವಿಭಾಗ. ಗುಡ್ಡದ ಇಳಿಜಾರೆಷ್ಟು, ಒಂದು ಗಂಟೆಯ ಜಡಿಮಳೆಗೆ ತೋಡಿನಲ್ಲಿ ಎಷ್ಟು ನೀರು ಬಂದೀತು, ಕಟ್ಟದ ದಪ್ಪ ಎಷ್ಟಿರಬೇಕು, ಇಂಗುಗುಂಡಿಯನ್ನು ಎಲ್ಲಿ ತೋಡಬೇಕು, ಎಲ್ಲಿ ತೋಡಿದರೆ ಗುಡ್ಡ ಜರಿಯುವ ಅಪಾಯವಿದೆ, ಇವೆಲ್ಲವೂ ಲೆಕ್ಕಕ್ಕೆ ಸಿಗುವ ವಿಷಯಗಳು.

ಪಂಪಿನ ವಿಚಾರವನ್ನೇ ತೆಗೆದುಕೊಳ್ಳಿ. ಗಂಟೆಗೆ 5,000 ಲೀಟರ್ ನೀರನ್ನು 20 ಮೀಟರ್ ಎತ್ತರಕ್ಕೆ ಏರಿಸಬೇಕೆಂದಿಟ್ಟುಕೊಳ್ಳೋಣ. ನೀವು ಶಾಲೆಯಲ್ಲಿ ಕಲಿತ ಸೂತ್ರದಂತೆ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳನ್ನು ಗುಣಿಸಿದರೆ 9,80,000 ಜೂಲ್. ಅದನ್ನು 3,600 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 272 ವಾಟ್. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಹಾಗಾದರೆ ಅರ್ಧ ಅಶ್ವಶಕ್ತಿಯ ಪಂಪು ಧಾರಾಳವಾಗಿ ಸಾಕಲ್ಲ? ಸಾಲದು. ಮೋಟರಿನಲ್ಲಿ ಸ್ವಲ್ಪ, ಪಂಪಿನಲ್ಲಿ ಸ್ವಲ್ಪ, ಪೈಪಿನ ಘರ್ಷಣೆಯಲ್ಲಿ ಸ್ವಲ್ಪ ಎಂದು ಶಕ್ತಿ ಸೋರಿಹೋಗುತ್ತದೆ. ಅಷ್ಟೇ ನೀರು ಹರಿಯಬೇಕಾದಾಗ ಪೈಪಿನ ವ್ಯಾಸವನ್ನು ಅರ್ಧಕ್ಕಿಳಿಸಿದರೆ ಘರ್ಷಣೆಯಿಂದಾಗುವ ನಷ್ಟ ಸುಮಾರು 30 ಪಟ್ಟು ಹೆಚ್ಚುತ್ತದೆ! ಅಗ್ಗವೆಂದು ಸಪೂರ ಪೈಪು ಹಾಕಿದವರು ಉಳಿಸಿದ ಹಣವನ್ನು ಕರೆಂಟು ಬಿಲ್ಲಿನಲ್ಲಿ ತೆರುತ್ತಾರೆ.

ಯಂತ್ರಗಳ ಪಾಠ

ಎರಡನೆಯ ಕವಲು ಕೃಷಿ ಯಂತ್ರಗಳದ್ದು. ಟ್ರ್ಯಾಕ್ಟರ್ ಓಡಿಸಲು ಕಲಿಸುವ ಪಾಠವೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ನಮ್ಮ ಸಣ್ಣ ಸಣ್ಣ ಗದ್ದೆಗಳಿಗೆ, ಕಡಿದಾದ ಗುಡ್ಡಗಳಿಗೆ, ಒತ್ತೊತ್ತಾದ ತೋಟಗಳಿಗೆ ಹೊಂದುವ ಯಂತ್ರ ಹೇಗಿರಬೇಕೆಂದು ಯೋಚಿಸುವ ಪಾಠ.

ತೆಂಗಿನ ಮರವೇರುವ ಸಾಧನವನ್ನು ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕರೊಬ್ಬರು ರೂಪಿಸಿದರು. ಕಂಗು ಏರುವ ಬೈಕನ್ನು ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರು 2019ರಲ್ಲಿ ಜನರ ಮುಂದಿಟ್ಟರು. ಕೃಷಿಕರೇ ಹೀಗೆ ಯಂತ್ರ ಮಾಡಬಲ್ಲರಾದರೆ ಇಂಜಿನಿಯರು ಯಾಕೆ ಎಂದು ಕೇಳಬಹುದು. ಹೊಸ ಯೋಚನೆ ಯಾರಿಗೂ ಹೊಳೆಯಬಹುದು. ಅದು ಎಷ್ಟು ಭಾರ ತಡೆದೀತು, ಮಳೆಯಲ್ಲಿ ಒದ್ದೆಯಾದ ಮರದಲ್ಲಿ ಜಾರೀತೇ, ದಿನವಿಡೀ ದುಡಿದರೆ ಬೆನ್ನಿಗೆ ಎಷ್ಟು ಆಯಾಸ, ಹೆಂಗಸರೂ ನಡೆಸಬಹುದೇ, ಬೆಲೆ ತಗ್ಗಿಸಬಹುದೇ ಎಂದು ಕ್ರಮವಾಗಿ ಪರೀಕ್ಷಿಸಿ ಸುಧಾರಿಸಲು ತಾಂತ್ರಿಕ ವಿದ್ಯೆ ಬೇಕು. ಕೃಷಿಕನ ಕೈಯೂ ಇಂಜಿನಿಯರನ ಲೆಕ್ಕವೂ ಕೂಡಿದರೆ ಕೆಲಸ ಗಟ್ಟಿಯಾಗುತ್ತದೆ. ಮನೆಯಲ್ಲೇ ತೋಟವಿರುವ ನಮ್ಮ ಮಕ್ಕಳಿಗೆ ಎರಡೂ ಒಲಿಯಬಹುದು.

ಯಂತ್ರವಿದ್ಯೆಗೆ ಹೊಣೆಯೂ ಇದೆ ಎಂಬುದನ್ನು ನಮ್ಮ ಜಿಲ್ಲೆಯಷ್ಟು ನೋವಿನಿಂದ ಕಲಿತವರು ವಿರಳ. ಇಲ್ಲಿನ ಗೇರುತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಲಾಯಿತು. ಕೆಳಗೆ ಮನೆಗಳಿದ್ದವು, ತೋಡುಗಳಿದ್ದವು, ಆಡುವ ಮಕ್ಕಳಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ಬಳಕೆಯನ್ನು ತಡೆಯಿತು. ಆ ಹೊತ್ತಿಗೆ ಎಷ್ಟೋ ಕುಟುಂಬಗಳ ಬಾಳು ಬಾಡಿತ್ತು. ಸಿಂಪರಣೆಯ ಪಾಠದಲ್ಲಿ ಹನಿಯ ಗಾತ್ರವೇ ಒಂದು ಮುಖ್ಯ ವಿಷಯ. ಹನಿ ಚಿಕ್ಕದಾದಷ್ಟೂ ಎಲೆಯನ್ನು ಚೆನ್ನಾಗಿ ಆವರಿಸುತ್ತದೆ. ಅಷ್ಟೇ ಸುಲಭವಾಗಿ ಗಾಳಿಗೆ ಸಿಕ್ಕಿ ಬೇರೆಯವರ ಅಂಗಳಕ್ಕೂ ಹೋಗುತ್ತದೆ. ಎತ್ತರ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಈ ಪಾಠವನ್ನು ಓದುವ ನಮ್ಮೂರಿನ ವಿದ್ಯಾರ್ಥಿಗೆ ಅದು ಬರಿಯ ಪರೀಕ್ಷೆಯ ಪ್ರಶ್ನೆಯಾಗಿ ಕಾಣಲಾರದು.

ಒಣಗಿಸುವುದೂ ಒಂದು ವಿದ್ಯೆ

ಮೂರನೆಯದು ಸಂಸ್ಕರಣೆ. ಹಣ್ಣಡಿಕೆ ಅಂಗಳದಲ್ಲಿ ಒಣಗಿ ಚಾಲಿಯಾಗಲು 40 ದಿನಗಳಷ್ಟು ಬಿಸಿಲು ಬೇಕು. ನಡುವೆ ಅಕಾಲದ ಮಳೆ ಬಂದರೆ ಮನೆಯವರೆಲ್ಲ ಅಂಗಳಕ್ಕೆ ಓಡುವುದು ನಿಮಗೆ ಗೊತ್ತು.

ಕೊಬ್ಬರಿಯ ಲೆಕ್ಕ ನೋಡೋಣ. ಹಸಿ ಕಾಯಿಯ ತಿರುಳಿನಲ್ಲಿ ಅರ್ಧದಷ್ಟು ನೀರಿರುತ್ತದೆ. ಕೊಬ್ಬರಿ ಕೆಡದೆ ಉಳಿಯಬೇಕಾದರೆ ಅದು ಶೇಕಡಾ 6ಕ್ಕೆ ಇಳಿಯಬೇಕು. ಅಂದರೆ 100 ಕಿಲೋ ತಿರುಳಿನಿಂದ ಸುಮಾರು 47 ಕಿಲೋ ನೀರನ್ನು ಹೊರಹಾಕಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಉಷ್ಣ ಬೇಕೆಂದು ಗುಪ್ತೋಷ್ಣದ ಪಾಠದಲ್ಲಿ ಓದಿದ್ದೀರಿ. ಒಟ್ಟು ಒಂದು ಲಕ್ಷ ಕಿಲೋಜೂಲಿಗೂ ಮಿಕ್ಕಿ ಆಯಿತು. ಒಣ ಸೌದೆಯ ಉಷ್ಣ ಒಂದಿಷ್ಟೂ ಪೋಲಾಗದಿದ್ದರೆ ಇದಕ್ಕೆ ಏಳೆಂಟು ಕಿಲೋ ಸೌದೆ ಸಾಕು! ಆದರೆ ಮನೆಯ ಅಟ್ಟದಲ್ಲಿ ಹೊಗೆ ಹಾಕಿ ಒಣಗಿಸುವಾಗ ಎಷ್ಟು ಹೊರೆ ಉರಿಯುತ್ತದೆಂದು ಅಜ್ಜಿಯನ್ನು ಕೇಳಿ. ಉಳಿದ ಉಷ್ಣವೆಲ್ಲ ಹೊಗೆಯೊಡನೆ ಮಾಡು ದಾಟಿ ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಗೂಡನ್ನು ರೂಪಿಸುವುದು ಕೃಷಿ ಇಂಜಿನಿಯರನ ಕೆಲಸ. 1916ರಲ್ಲಿ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು, ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವಲ್ಲಿ ತೆಂಗಿನ ಚಿಪ್ಪನ್ನೇ ಉರಿಸಿ ಕೊಬ್ಬರಿ ಒಣಗಿಸುವ ಸಾಧನಗಳು ರೂಪುಗೊಂಡಿವೆ. ಕಾಯಿಯನ್ನು ಒಣಗಿಸಲು ಅದರ ಚಿಪ್ಪೇ ಸೌದೆ!

ಎಲ್ಲಿ ಕಲಿಯಬಹುದು?

ಕೇರಳ ಕೃಷಿ ವಿಶ್ವವಿದ್ಯಾಲಯದ ಕೇಳಪ್ಪಜಿ ಕೃಷಿ ಇಂಜಿನಿಯರಿಂಗ್ ಕಾಲೇಜು ಮಲಪ್ಪುರಂ ಜಿಲ್ಲೆಯ ತವನೂರಿನಲ್ಲಿದೆ. ಭಾರತಪ್ಪುಳದ ದಡದ ಈ ಕಾಲೇಜು ಆರಂಭವಾದುದು 1985ರಲ್ಲಿ. 1930ರಲ್ಲಿ ಪಯ್ಯನ್ನೂರಿನ ಉಪ್ಪಿನ ಸತ್ಯಾಗ್ರಹವನ್ನು ನಡೆಸಿದ ಕೆ. ಕೇಳಪ್ಪನವರ ನೆನಪಿನ ಹೆಸರಿದು. ನಮ್ಮಲ್ಲಿಂದ ರೈಲಿನಲ್ಲಿ ಹೋಗಿ ಕುಟ್ಟಿಪ್ಪುರಂ ನಿಲ್ದಾಣದಲ್ಲಿ ಇಳಿದರೆ ತವನೂರು ಹತ್ತಿರ. ಕರ್ನಾಟಕದಲ್ಲಿ ರಾಯಚೂರು ಮತ್ತು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಈ ಪದವಿ ಇದೆ.

ಇಲ್ಲಿ ರಕ್ಷಕರು ಗಮನಿಸಲೇಬೇಕಾದ ಮಾತೊಂದಿದೆ. ಕೇರಳದಲ್ಲಿ ಬಿ.ಎಸ್ಸಿ. ಕೃಷಿ ಪದವಿಗೆ ನೀಟ್ ಪರೀಕ್ಷೆಯ ಮೂಲಕ ಪ್ರವೇಶ; ಅದಕ್ಕೆ ಜೀವಶಾಸ್ತ್ರ ಬೇಕು. ಕೃಷಿ ಇಂಜಿನಿಯರಿಂಗಿಗೆ ಕೀಮ್ ಇಂಜಿನಿಯರಿಂಗ್ ಪರೀಕ್ಷೆಯ ಮೂಲಕ ಪ್ರವೇಶ. ಅದಕ್ಕೆ ಗಣಿತ ಬೇಕು. ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಪಡೆದ ಅಂಕಗಳೂ ರ‍್ಯಾಂಕಿಗೆ ಲೆಕ್ಕವಾಗುತ್ತವೆ. ಆದ್ದರಿಂದ ಪ್ಲಸ್ ವನ್ ಸೇರುವ ದಿನವೇ, "ಗಣಿತ ಕಷ್ಟ" ಎಂದು ಬಿಟ್ಟುಬಿಟ್ಟರೆ ಈ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು. ಗಣಿತ, ಜೀವಶಾಸ್ತ್ರ ಎರಡೂ ಇರುವ ವಿಭಾಗವನ್ನು ಆರಿಸಿಕೊಂಡರೆ ಎರಡು ದಾರಿಗಳೂ ತೆರೆದಿರುತ್ತವೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ; ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳು ಅದರಲ್ಲಿ ಸೇರಿವೆ. ಎಷ್ಟು ವರ್ಷ ಎಲ್ಲಿ ಓದಿರಬೇಕು, ಯಾವ ದಾಖಲೆ ಬೇಕು ಎಂಬ ನಿಬಂಧನೆಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಶಾಲೆಯ ದಾಖಲೆಗಳನ್ನು ಜೋಪಾನವಾಗಿ ಇರಿಸಿಕೊಳ್ಳಿರಿ.

ಭಾಷೆಯ ಅಂಜಿಕೆ

"ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದೆಲ್ಲ ಸಾಧ್ಯವೇ?" ಎಂಬ ಅಂಜಿಕೆ ಬೇಡ. ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ ನಡೆಯುವುದು ನಿಜ. ಆದರೆ ಇಳಿಜಾರು, ಒತ್ತಡ, ತೇವಾಂಶ, ಘರ್ಷಣೆ ಎಂದರೇನೆಂದು ಕನ್ನಡದಲ್ಲಿ ಮನಸ್ಸಿಗೆ ನಾಟಿದ್ದರೆ ಇಂಗ್ಲಿಷಿನ ಹೆಸರು ಕಲಿಯಲು ಹೆಚ್ಚು ದಿನ ಬೇಕಾಗದು. ಅರ್ಥ ತಿಳಿಯದೆ ಹೆಸರನ್ನಷ್ಟೇ ಕಲಿತವರ ಪಾಡೇ ಕಷ್ಟ. ಒಂಬತ್ತನೆಯ ತರಗತಿಯಿಂದಲೇ ಒಂದು ಪುಸ್ತಕದಲ್ಲಿ ವಿಜ್ಞಾನದ ಪದಗಳನ್ನು ಕನ್ನಡ, ಇಂಗ್ಲಿಷ್, ಮಲಯಾಳ ಮೂರರಲ್ಲೂ ಸಾಲಾಗಿ ಬರೆದಿಟ್ಟುಕೊಳ್ಳಿರಿ. ಕೃಷಿಕನೊಡನೆ ಅವನ ಭಾಷೆಯಲ್ಲಿ ಮಾತಾಡಬಲ್ಲ ಇಂಜಿನಿಯರಿಗೆ ಬೆಲೆ ಹೆಚ್ಚು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳಿಗೆ ಅದು ಕಷ್ಟವಲ್ಲ.

ಕಲಿತ ಮೇಲೆ

ಸರಕಾರದ ಕೃಷಿ ಇಲಾಖೆ, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆ, ನೀರಾವರಿ ಸಲಕರಣೆ ಮತ್ತು ಯಂತ್ರ ತಯಾರಿಸುವ ಸಂಸ್ಥೆಗಳು, ಆಹಾರ ಸಂಸ್ಕರಣೆಯ ಘಟಕಗಳು, ಸಂಶೋಧನೆ, ಅಧ್ಯಾಪನ, ಹೀಗೆ ದಾರಿಗಳು ಹಲವು. ಗೇಟ್ ಪರೀಕ್ಷೆ ಬರೆದು ಉನ್ನತ ವ್ಯಾಸಂಗಕ್ಕೂ ಹೋಗಬಹುದು. ಉದ್ಯೋಗ ತಾನಾಗಿ ಕೈಗೆ ಬರುತ್ತದೆಂದು ನಾವು ಹೇಳುವುದಿಲ್ಲ. ಯಾವ ಪದವಿಯೂ ಅಂಥ ಭರವಸೆ ಕೊಡದು. ಆದರೆ ಊರಿನಲ್ಲೇ ನಿಂತು ಯಂತ್ರಗಳ ದುರಸ್ತಿ, ಹನಿ ನೀರಾವರಿ, ಒಣಗಿಸುವ ಘಟಕ ಇಂಥ ಸ್ವಂತ ಉದ್ಯೋಗ ಮಾಡಲು ನೆರವಾಗುವ ಇಂಜಿನಿಯರಿಂಗ್ ಶಾಖೆಗಳು ಹೆಚ್ಚಿಲ್ಲ.

ಹೆಣ್ಣುಮಕ್ಕಳಿಗೆ ಇದು ಹೇಳಿದ್ದಲ್ಲ ಎಂದು ಯಾರೂ ಭಾವಿಸಬಾರದು. ಅಡಿಕೆ ಸುಲಿಯುವುದು, ಒಣಗಿಸುವುದು, ನೀರು ಹೊರುವುದು, ನೇಜಿ ನೆಡುವುದು ಇವನ್ನು ಹೆಚ್ಚಾಗಿ ಮಾಡಿದವರು ಹೆಂಗಸರೇ. ಆ ಶ್ರಮವನ್ನು ಬಲ್ಲವರೇ ಅದನ್ನು ಹಗುರ ಮಾಡುವ ಯಂತ್ರವನ್ನು ಚೆನ್ನಾಗಿ ಯೋಚಿಸಬಲ್ಲರು.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿರಿ. ನಿಮ್ಮ ಬಾವಿಯ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಹಗ್ಗ ಇಳಿಸಿ ಅಳೆದು, ದಿನಾಂಕ ಸಹಿತ ಬರೆದಿಡಿ. ಪಂಪು ಎಷ್ಟು ನಿಮಿಷಕ್ಕೆ ಟ್ಯಾಂಕಿ ತುಂಬಿಸುತ್ತದೆಂದು ನೋಡಿ. ಆ ಅಂಕೆಗಳನ್ನು ತರಗತಿಗೆ ತನ್ನಿ. ಗಣಿತದ ಅಧ್ಯಾಪಕರೂ ವಿಜ್ಞಾನದ ಅಧ್ಯಾಪಕರೂ ಸೇರಿ ಅವುಗಳಿಂದಲೇ ಪಾಠ ಮಾಡುವೆವು. ನಿಮ್ಮಲ್ಲಿ ಒಬ್ಬಿಬ್ಬರಾದರೂ ಈ ದಾರಿಯಲ್ಲಿ ಮುಂದುವರಿದು, ಕಲಿತದ್ದನ್ನು ಈ ಮಣ್ಣಿಗೆ ತಿರುಗಿಸಿ ತರುವಂತಾಗಲಿ ಎಂದು ಹಾರೈಸುತ್ತೇವೆ.